ಹೂಂ ಅಲ್ಲ, ಊಹೂಂ ಅಲ್ಲ

ಪಕ್ಕದ ಮನೆಯ ಗಿರಿಜಮ್ಮನವರು ಮೊನ್ನೆ ಬೆಳಿಗ್ಗೆ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತು ಒಂದು ಪ್ರಶ್ನೆ ಕೇಳಿದರು. ಅವರ ಅಳಿಯ ಕಡೂರಿನಿಂದ ಬೀರೂರಿಗೆ ಹೋಗುವ ದಾರಿಯಲ್ಲಿ ಯಾವುದೋ ಸೈಟು ನೋಡಿಕೊಂಡು ಬಂದಿದ್ದನಂತೆ.

"ಟೀಚರಮ್ಮ, ಅದು ಅನ್‌ಅಪ್ರೂವ್ಡ್ ಅಂತೆ ಕಣ್ರೀ. ಹಂಗಂದ್ರೆ ಆಫೀಸಿನೋರು ಬ್ಯಾಡ ಅಂದವ್ರೆ ಅಂತ್ಲೋ, ಇನ್ನೂ ಏನೂ ಹೇಳಿಲ್ಲ ಅಂತ್ಲೋ?"

ನಾನು ಕನ್ನಡದ ಟೀಚರು. ಇಂಗ್ಲಿಷಿಗೂ ನನಗೂ ಇರುವ ನೆಂಟಸ್ತನ, ಮದುವೆ ಮನೆಯಲ್ಲಿ ಮಾತ್ರ ಮುಖ ನೋಡುವ ನೆಂಟರದು. ಆದರೂ ಈ ಒಂದು ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಪೊರಕೆ ಹಿಡಿದುಕೊಂಡೇ, "ಇನ್ನೂ ಏನೂ ಹೇಳಿಲ್ಲ ಅಂತ ಅರ್ಥ ಗಿರಿಜಮ್ಮ" ಎಂದೆ.

"ಓ, ಅಷ್ಟೇಯಾ? ಹಂಗಾದ್ರೆ ಪರವಾಗಿಲ್ಲ ಬಿಡಿ. ಯಾವತ್ತಾದ್ರೂ ಹೇಳ್ತಾರೆ" ಎಂದು ಅವರು ಸಮಾಧಾನದಿಂದ ಒಳಗೆ ಹೋದರು. ನಾನು ಅರ್ಧ ಗುಡಿಸಿದ ಅಂಗಳದಲ್ಲೇ ನಿಂತುಬಿಟ್ಟೆ. ಯಾವತ್ತಾದರೂ ಹೇಳುತ್ತಾರೆ ಎಂಬ ಮಾತೊಂದನ್ನೇ ನಂಬಿಕೊಂಡು ಇಡೀ ಬದುಕು ಕಳೆದವಳು ನಮ್ಮ ಸರೋಜತ್ತೆ. ಅವಳು ಹೋಗಿ ಇನ್ನೂ ವರ್ಷ ತುಂಬಿಲ್ಲ.

ಸರೋಜತ್ತೆ ನನ್ನ ಅಪ್ಪನ ತಂಗಿ. ನಮ್ಮ ಮನೆ ಶಿವನಿಯಲ್ಲಿ, ಸ್ಟೇಷನ್ನಿಗೆ ಹತ್ತಿರ. ಅಜ್ಜನಿಗೆ ಈರುಳ್ಳಿ, ಕಡ್ಲೆಕಾಯಿ ವ್ಯಾಪಾರ. ಅತ್ತೆ ಅಜ್ಜಂಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಿಸ್ಸು. ನಾನು ಅದೇ ಸ್ಕೂಲಿನಲ್ಲಿ ಅವಳ ವಿದ್ಯಾರ್ಥಿನಿ. ದಿನಾ ಬೆಳಿಗ್ಗೆ ಇಬ್ಬರೂ ರೈಲು ಹತ್ತುತ್ತಿದ್ದೆವು. ಅತ್ತೆಗೆ ಕಿಟಕಿ ಪಕ್ಕ, ನನಗೆ ಅವಳ ಪಕ್ಕ. ರೈಲಿನಲ್ಲಿ ಅವಳು ನಮ್ಮ ಮನೆಯ ಭಾಷೆ ಆಡುತ್ತಿದ್ದಳು. ಅಜ್ಜಂಪುರದ ಪ್ಲಾಟ್‌ಫಾರಂ ಮೇಲೆ ಕಾಲಿಟ್ಟ ಕೂಡಲೇ ಸೆರಗಿಗೆ ಪಿನ್ನು ಹಾಕಿಕೊಂಡು ಇಂಗ್ಲಿಷಿಗೆ ಬದಲಾಗುತ್ತಿದ್ದಳು. "ಇಲ್ಲಿಂದ ನಾನು ನಿನ್ನತ್ತೆ ಅಲ್ಲ ಕಣೇ" ಎಂದು ಎಚ್ಚರಿಸುತ್ತಿದ್ದಳು. ಅದು ನಿಜವೆಂದು ನನ್ನ ಅಂಕಪಟ್ಟಿಗಳೇ ಹೇಳುತ್ತಿದ್ದವು. ಇಂಗ್ಲಿಷಿನಲ್ಲಿ ನಾನು ತೆಗೆಯುತ್ತಿದ್ದ ಅಂಕ ಅವಳ ಮಾನ ಕಳೆಯುವುದಕ್ಕೆ ಧಾರಾಳವಾಗಿ ಸಾಕಾಗುತ್ತಿತ್ತು.

ಅತ್ತೆಗೆ ಮಾತುಗಳ ಬೇರು ಕೆದಕುವ ಚಟ. ಒಮ್ಮೆ ಬೋರ್ಡಿನ ಮೇಲೆ ಅಪ್ರೂವ್ ಎಂದು ಬರೆದು ಇಡೀ ಪೀರಿಯಡ್ಡು ಅದನ್ನೇ ಹೇಳಿದಳು. ಅದು ಲ್ಯಾಟಿನ್ನಿನಿಂದ ಬಂದ ಮಾತಂತೆ. ಪರೀಕ್ಷೆ ಮಾಡಿ ನೋಡಿ, ಒಳ್ಳೆಯದು ಎಂದು ಕಂಡುಕೊಳ್ಳುವುದು ಅದರ ಮೂಲದ ಅರ್ಥವಂತೆ. ಪ್ರೂಫು, ಪ್ರೊಬೇಷನ್ನು ಎಲ್ಲ ಒಂದೇ ತಾಯಿಯ ಮಕ್ಕಳು. "ಪ್ರೊಬೇಷನ್ ಅಕ್ಕ, ಅಪ್ರೂವಲ್ ತಂಗಿ. ಅಕ್ಕನ ಮದುವೆ ಆಗದೆ ತಂಗಿಗೆ ಆಗೋದಿಲ್ಲ" ಎಂದು ನಗಿಸಿದಳು. ಆಮೇಲೆ ಆ ಮಾತಿನ ಮುಂದೆ ಒಂದು ಸಲ 'ಡಿಸ್' ಸೇರಿಸಿದಳು, ಒಂದು ಸಲ 'ಅನ್' ಸೇರಿಸಿದಳು.

"ಡಿಸ್ ಅಂತ ಬಂದ್ರೆ ಯಾರೋ ನೋಡಿದ್ದಾರೆ, ನೋಡಿ ಚೆನ್ನಾಗಿಲ್ಲ ಅಂದಿದ್ದಾರೆ. ಅನ್ ಅಂತ ಬಂದ್ರೆ ಯಾರೂ ಇನ್ನೂ ಹೂಂ ಅಂದಿಲ್ಲ, ಅಷ್ಟೆ."

ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ಎರಡ್ರಾಗೆ ಯಾವ್ದು ವಾಸಿ ಮಿಸ್?"

ಅತ್ತೆ ಚಾಕ್‌ಪೀಸಿನ ಪುಡಿ ಒರೆಸಿಕೊಳ್ಳುತ್ತ ಹೇಳಿದಳು: "ಅನ್ ವಾಸಿ. ಅದ್ರಲ್ಲಿ ಇನ್ನೂ ಆಸೆ ಇದೆ."

ಹಾಗೆ ಹೇಳುವುದಕ್ಕೆ ಅವಳಿಗೆ ಕಾರಣವಿತ್ತು. ಅವಳ ಕೆಲಸಕ್ಕೇ ಆಗ ಅಪ್ರೂವಲ್ ಬಂದಿರಲಿಲ್ಲ. ಖಾಸಗಿ ಸ್ಕೂಲಿನ ಹುದ್ದೆಗೆ ಇಲಾಖೆ ಒಪ್ಪಿಗೆ ಕೊಟ್ಟರೆ ಸರ್ಕಾರದ ಸಂಬಳ, ಪಿಂಚಣಿ. ಕೊಡುವ ತನಕ ಕಮಿಟಿಯವರು ಕೊಟ್ಟದ್ದೇ ಪ್ರಸಾದ. ಪ್ರತಿ ಜೂನಿನಲ್ಲೂ ಸೆಕ್ರೆಟರಿಯವರು, "ಫೈಲು ಮೂವ್ ಆಗಿದೆ ಮಿಸ್" ಎನ್ನುತ್ತಿದ್ದರು. ಆ ಫೈಲು ಅಷ್ಟು ವರ್ಷ ನಡೆದ ನಡಿಗೆಯಲ್ಲಿ ಕಾಶಿಗೆ ಹೋಗಿ ಬರಬಹುದಿತ್ತು. ಸ್ಟಾಫ್ ರೂಮಿನಲ್ಲಿ ಅಪ್ರೂವಲ್ ಆದವರಿಗೆ ಕೈಯಿದ್ದ ಕುರ್ಚಿಗಳು. ಆಗದವರಿಗೆ ಗೋಡೆಯ ಪಕ್ಕದ ಬೆಂಚು.

ಆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದವರು ಸೈನ್ಸಿನ ಆನಂದಮೂರ್ತಿ ಮೇಷ್ಟ್ರು. ಪಂಚನಹಳ್ಳಿಯ ಕಡೆಯವರು. ಅವರ ತಂದೆಯ ಕಾಲದಲ್ಲೇ ಆ ಮನೆಯವರು ಬೌದ್ಧರಾಗಿದ್ದರು. ಮೇಷ್ಟ್ರು ಅಜ್ಜಂಪುರದಲ್ಲಿ ಒಂದು ರೂಮು ಮಾಡಿಕೊಂಡಿದ್ದರು. ಸ್ಕೂಲು ಬಿಟ್ಟಮೇಲೆ ಪೇಪರು ಕೊಳ್ಳುವ ನೆಪದಲ್ಲಿ ನಮ್ಮ ಜೊತೆ ಸ್ಟೇಷನ್ನಿನವರೆಗೆ ನಡೆದು ಬರುತ್ತಿದ್ದರು. ಸಂಜೆಯ ಹೊತ್ತಿನಲ್ಲಿ ಬೆಳಗಿನ ಪೇಪರು ಯಾಕೆ ಕೊಳ್ಳುತ್ತಾರೆಂದು ನನಗೆ ಹೊಳೆಯಲಿಲ್ಲ. ಹೊಳೆಯದಂತೆ ಅವರು ನನ್ನ ಕೈಗೊಂದು ಹುರಿದ ಕಡ್ಲೆಕಾಯಿ ಪೊಟ್ಟಣ ಕೊಡುತ್ತಿದ್ದರು. ಮನೆ ತುಂಬ ಕಡ್ಲೆಕಾಯಿ ಮೂಟೆ ಇದ್ದವಳು ನಾನು. ಆದರೂ ಆ ಪೊಟ್ಟಣಕ್ಕೆ ಬಾಯಿ ಬಿಡುತ್ತಿದ್ದೆ. ತಿಂದು ಮುಗಿಸುವಷ್ಟರಲ್ಲಿ ರೈಲು ಬರುತ್ತಿತ್ತು. ಅಷ್ಟು ಹೊತ್ತು ಅವರಿಬ್ಬರೂ ಕಲ್ಲು ಬೆಂಚಿನ ಮೇಲೆ ನಡುವೆ ಒಂದು ಕೊಡೆ ಇಟ್ಟುಕೊಂಡು ಮಾತಾಡುತ್ತಿದ್ದರು. ಅತ್ತೆ ಜೋರಾಗಿ ನಗುತ್ತಿದ್ದಳು. ಮನೆಯಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ನಮ್ಮ ಕನ್ನಡದಲ್ಲಿ ಇದಕ್ಕೆಲ್ಲ ಎಷ್ಟು ಚೆಂದದ ಮಾತುಗಳಿವೆ ನೋಡಿ. ಒಪ್ಪಿಗೆ ಅನ್ನುತ್ತೇವೆ. ನನ್ನಮ್ಮ ಸೀರೆ ಮಡಚುವಾಗ "ಒಪ್ಪವಾಗಿ ಮಡಚೇ" ಎನ್ನುತ್ತಿದ್ದಳು. ಹಳೆಯ ಶಾಸನಗಳ ಕೊನೆಯಲ್ಲಿ ರಾಜರು ಹಾಕುತ್ತಿದ್ದ ರುಜುವಿಗೂ ಒಪ್ಪವೆಂದೇ ಹೆಸರು. ಚೆಂದಕ್ಕೂ ಸಮ್ಮತಿಗೂ ಸಹಿಗೂ ಒಂದೇ ಬೇರು. ಇನ್ನು ತಾಲ್ಲೂಕು ಕಚೇರಿಯ ಮಂಜೂರು ಎಂಬ ಮಾತು ದೂರದ ಅರಬ್ಬಿಯಿಂದ ಬಂದದ್ದು. ಅದು ನಜರಿನ ನೆಂಟನಂತೆ. ಕಣ್ಣಿಗೆ ಬಿದ್ದದ್ದು, ನೋಡಲ್ಪಟ್ಟದ್ದು ಎಂದು ಅದರ ಅರ್ಥ. ನೋಡುವುದೇ ಅರ್ಧ ಒಪ್ಪಿದಂತೆ ಎಂದು ಆ ಜನ ತಿಳಿದಿದ್ದರೋ ಏನೋ. ನಮ್ಮ ಅಜ್ಜನ ಬಳಿಯೂ ನೋಡುವುದಕ್ಕೆ ಸಂಬಂಧಪಟ್ಟ ಒಂದು ಮಾತಿತ್ತು. ಅದನ್ನು ಅವನು ಆಡಿದ ದಿನ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

ಅದೊಂದು ಭಾನುವಾರ. ಆನಂದಮೂರ್ತಿ ಮೇಷ್ಟ್ರು ತಮ್ಮ ತಾಯಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಬರುತ್ತಾರೆಂದು ಅತ್ತೆ ಹಿಂದಿನ ದಿನವೇ ಅಜ್ಜನಿಗೆ ಹೇಳಿದ್ದಳು. ಅಜ್ಜ, "ಬರ್ಲಿ" ಎಂದಿದ್ದನಂತೆ. ಆ ತಾಯಿ ದೊಡ್ಡ ಚೀಲದ ತುಂಬ ತಮ್ಮ ತೋಟದ ತೆಂಗಿನಕಾಯಿ ತಂದಿದ್ದರು. ಎರಡು ಬಸ್ಸು ಬದಲಾಯಿಸಿ ಅಷ್ಟು ಭಾರ ಹೊತ್ತು ತಂದದ್ದಕ್ಕೆ ಅವರ ಅಂಗೈ ಕೆಂಪಾಗಿತ್ತು.

ಮನೆಯವರೆಲ್ಲರ ಕಣ್ಣೂ ಅಜ್ಜಿಯ ಕೈಮೇಲೆ. ಯಾವ ಲೋಟದಲ್ಲಿ ಕಾಫಿ ಕೊಡುತ್ತಾಳೋ ಎಂದು ಅಮ್ಮನೂ ನೋಡುತ್ತಿದ್ದಳು. ಅಜ್ಜಿ ಮೇಲಿನ ಗೂಡಿಗೆ ಕೈಹಾಕಿ, ಮಠದ ಸ್ವಾಮಿಗಳು ಬಂದಾಗ ತೆಗೆಯುತ್ತಿದ್ದ ಬೆಳ್ಳಿ ಲೋಟಗಳನ್ನೇ ತೆಗೆದಳು. ಅಜ್ಜ ಅದನ್ನು ನೋಡಿದ. ಏನೂ ಅನ್ನಲಿಲ್ಲ. ಅತ್ತೆಯ ಮುಖ ಆಗ ಹೇಗೆ ಅರಳಿತೆಂದರೆ, ನನಗೆ ಏನೂ ತಿಳಿಯದಿದ್ದರೂ ಖುಷಿಯಾಯಿತು.

ಅಜ್ಜ ಮಳೆಯ ವಿಷಯ ಮಾತಾಡಿದ. ಈರುಳ್ಳಿ ಕೊಳೆರೋಗದ ವಿಷಯ ಮಾತಾಡಿದ. ಪಂಚನಹಳ್ಳಿಯ ಬೋರ್‌ವೆಲ್‌ಗಳಲ್ಲಿ ನೀರು ಎಷ್ಟು ಆಳದಲ್ಲಿದೆ ಎಂದು ವಿಚಾರಿಸಿದ. ಮೇಷ್ಟ್ರು ಎಲ್ಲದಕ್ಕೂ ಉತ್ತರ ಹೇಳಿದರು. ಕೊನೆಗೆ ಅವರ ತಾಯಿಯೇ ಲೋಟ ಕೆಳಗಿಟ್ಟು ಮಾತು ತೆಗೆದರು.

"ಯಜಮಾನ್ರೇ, ನಿಮ್ಮ ಮಗಳನ್ನ ನಮ್ ಹುಡುಗನಿಗೆ ಕೇಳಾಣ ಅಂತ ಬಂದಿದೀವಿ. ನಮ್ದು ಯಾವ ಮನೆ ಅಂತ ನಿಮಗೆ ಗೊತ್ತೈತೆ, ಮುಚ್ಚಿಡೋದೇನಿಲ್ಲ. ನೀವು ಹೂಂ ಅಂದ್ರೂ ಸಂತೋಷ, ಊಹೂಂ ಅಂದ್ರೂ ನಮಗೇನ್ ಕ್ವಾಪ ಇಲ್ಲ. ಒಂದ್ ಮಾತು ಹೇಳ್ಬಿಡಿ."

ಅಜ್ಜ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಅಂಗಿಯ ಮೇಲಿಂದಲೇ ಮುಟ್ಟಿಕೊಂಡ. ಗಡಿಯಾರ ನೋಡಿದ. ಬೀದಿ ನೋಡಿದ. ಆಮೇಲೆ ಹೇಳಿದ:

"ನೋಡಾಣ."

ಅಷ್ಟೇ. ಬಾಗಿಲವರೆಗೂ ಹೋಗಿ ಬೀಳ್ಕೊಟ್ಟ. "ಕಾಯಿ ಚೆನ್ನಾಗವೆ" ಎಂದೂ ಹೇಳಿದ.

ಅಜ್ಜ ಕೆಟ್ಟವನಲ್ಲ. ತೂಕದಲ್ಲಿ ಯಾರಿಗೂ ಮೋಸ ಮಾಡಿದವನಲ್ಲ. ಮನುಷ್ಯರೆಲ್ಲ ಒಂದೇ ಎಂದು ಸ್ವಾಮಿಗಳು ಪ್ರವಚನದಲ್ಲಿ ಹೇಳಿದಾಗ ಮುಂದಿನ ಸಾಲಿನಲ್ಲಿ ಕೂತು ಮನಸಾರೆ ತಲೆದೂಗಿದವನು. ಊಹೂಂ ಎಂದರೆ ಆ ತಲೆದೂಗಿದ್ದು ಸುಳ್ಳಾಗುತ್ತಿತ್ತು. ಹೂಂ ಎಂದರೆ ಅಣ್ಣತಮ್ಮಂದಿರ ಮನೆಗಳ ಬಾಗಿಲು ಮುಚ್ಚುತ್ತಿದ್ದವು. ಎರಡೂ ಬೇಡವಾಗಿ ಅವನು ಒಂದು ಮಾತಿನ ಮರೆಯಲ್ಲಿ ಕೂತುಬಿಟ್ಟ. ಇದೆಲ್ಲ ನಾನು ಈಗ ಕಟ್ಟಿಕೊಂಡ ಅರ್ಥ. ಆಗ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆ ಕಾಯಿಗಳನ್ನು ಒಡೆಯಬೇಕೋ ಹಿಂದಕ್ಕೆ ಕಳಿಸಬೇಕೋ ತಿಳಿಯದೆ ಅಜ್ಜಿ ಅಟ್ಟದ ಮೇಲೆ ಹಾಕಿಸಿದಳು. ಅವು ಅಲ್ಲೇ ಒಣಗಿ ಕೊಬ್ಬರಿಯಾದವು.

ಅತ್ತೆ ಕಾದಳು. ಹಬ್ಬ ಕಳೆಯಲಿ ಎಂದು ಕಾದಳು, ಸುಗ್ಗಿ ಮುಗಿಯಲಿ ಎಂದು ಕಾದಳು. ಒಂದೆರಡು ಸಲ ಧೈರ್ಯ ಮಾಡಿ, "ಅಪ್ಪ, ಆ ವಿಷಯ..." ಎಂದು ಶುರು ಮಾಡಿದ್ದನ್ನು ನಾನೇ ಕೇಳಿದ್ದೇನೆ. ಅಜ್ಜ, "ನೋಡಾಣ ಅಂದೆನಲ್ಲವ್ವ" ಎಂದು ಮೆತ್ತಗೆ ಹೇಳಿ ಟವೆಲು ಕೊಡವಿ ಹೊರಗೆ ಹೋಗುತ್ತಿದ್ದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನನ್ನ ಅಪ್ಪ ತಂಗಿಯ ಪರವಾಗಿ ಒಂದು ಮಾತು ಆಡಬಹುದಿತ್ತು. ಅವನು ಈರುಳ್ಳಿ ಮಂಡಿಗೆ ಹೋದ, ಬಂದ, ಉಂಡ.

ಅಷ್ಟರಲ್ಲಿ ಮೇಷ್ಟ್ರು ಪರೀಕ್ಷೆ ಬರೆದು ಸರ್ಕಾರಿ ಕೆಲಸ ಹಿಡಿದರು. ಲಕ್ಕವಳ್ಳಿಗೆ ಹಾಕಿದರು. ಸಂಜೆಯ ಪೇಪರು ನಿಂತಿತು, ಕಡ್ಲೆಕಾಯಿ ನಿಂತಿತು. ತಿಂಗಳಿಗೊಮ್ಮೆ ಯಾವುದಾದರೂ ಶನಿವಾರ ಬಂದು ಪ್ಲಾಟ್‌ಫಾರಮ್ಮಿನಲ್ಲಿ ಕಾಯುತ್ತಿದ್ದರು. ಒಂದು ಸಲ ಅವರು ಹೇಳಿದ್ದು ನನಗೆ ಕೇಳಿಸಿತು.

"ತರೀಕೆರೆಯಲ್ಲಿ ರಿಜಿಸ್ಟರ್ ಮಾಡಿಸೋಣ ಸರೋಜ. ನಿಮ್ಮಪ್ಪನ ಎದುರಿಗೆ ಹೋಗಿ ನಿಂತು ಆಶೀರ್ವಾದ ಕೇಳೋಣ. ಏನಂತಾರೋ ಅನ್ಲಿ."

ಅತ್ತೆ ಕೊಡೆಯ ಹಿಡಿ ತಿರುಗಿಸುತ್ತ, "ಇನ್ನೊಂಚೂರು ದಿನ ನೋಡೋಣ" ಎಂದಳು. ಹೇಳಿದ ಮೇಲೆ ತಾನು ಆಡಿದ ಮಾತು ತನಗೇ ಕೇಳಿಸಿತೇನೋ, ಮುಖ ಕಪ್ಪಿಟ್ಟಿತು.

ಮೇಷ್ಟ್ರು ಅದಾದಮೇಲೂ ಕಾದರು. ಅವರನ್ನು ದೂರಲಾರೆ. ಅವರ ತಾಯಿಗೆ ಕಾಯಿಲೆಯಾಗಿ ಹಾಸಿಗೆ ಹಿಡಿದ ವರ್ಷ ಅಜ್ಜಂಪುರಕ್ಕೆ ಬಂದು, ರೈಲು ಕಾಣುವ ಹೊತ್ತಿಗೆ ವಿಷಯ ಹೇಳಿದರು. ಹುಡುಗಿ ಗೊತ್ತಾಗಿದ್ದಾಳೆ, ಅಮ್ಮನ ಕಣ್ಣ ಮುಂದೆ ಆಗಲಿ ಎಂದು ಒಪ್ಪಿಕೊಂಡೆ ಎಂದರು. ಅತ್ತೆ ಕೊಡೆ ಎತ್ತಿಕೊಂಡು ಎದ್ದಳು.

"ಒಳ್ಳೇದಾಯ್ತು ಸಾರ್" ಎಂದಳು. "ನನ್ನನ್ನ ಕರೀಬೇಕು."

"ಬರ್ತೀಯಾ?"

"ಬರದೆ ಇರ್ತೀನಾ?"

ಹೋದಳು. ಮನೆಯಲ್ಲಿ ಸ್ಕೂಲಿನವರ ಮದುವೆ ಎಂದಳು, ಅದು ಸುಳ್ಳೂ ಅಲ್ಲ. ನನ್ನನ್ನೂ ಕರೆದುಕೊಂಡು ಹೋದಳು. ಪಂಚನಹಳ್ಳಿಯಲ್ಲಿ ಮನೆಯ ಮುಂದೆ ತೆಂಗಿನಗರಿಯ ಚಪ್ಪರ. ಬುದ್ಧನ ಪಟದ ಮುಂದೆ ಮೋಂಬತ್ತಿ, ಬಿಳಿ ಹೂವು. ಹೋಮದ ಹೊಗೆಯಿಲ್ಲ, ಗದ್ದಲವಿಲ್ಲ. ಮದುಮಗಳು ಅಂಗನವಾಡಿ ಟೀಚರ್ ಎಂದರು. ಬಿಳಿ ಸೀರೆ ಉಟ್ಟು ತಲೆ ತಗ್ಗಿಸಿ ನಿಂತಿದ್ದಳು. ಬಹಳ ಲಕ್ಷಣವಾಗಿದ್ದಳು. ನನಗೆ ಅವಳ ಮೇಲೆ ವಿನಾಕಾರಣ ಸಿಟ್ಟು ಬಂತು. ಮೇಷ್ಟ್ರ ತಾಯಿಯನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಅವರು ಅತ್ತೆಯನ್ನು ಗುರುತಿಸಿ ಹತ್ತಿರ ಕರೆದು, ಅವಳ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ಮದುವೆ ನಡೆಸುತ್ತಿದ್ದ ಹಿರಿಯರು ಹೂಮಾಲೆಯಾದ ಮೇಲೆ ಎಲ್ಲರ ಕಡೆ ತಿರುಗಿ ಹೇಳಿದರು: "ಈಗ ನೀವು ಅನುಮೋದನೆ ಕೊಡ್ಬೇಕು. ನಡೆದದ್ದು ಒಳ್ಳೇದು ಅಂತ ಅನ್ನಿಸಿದೋರು ಮೂರು ಸಲ ಸಾಧು ಅನ್ನಿ. ಅವರ ಸಂತೋಷದಲ್ಲಿ ನಿಮಗೂ ಪಾಲು ಬತ್ತದೆ."

ಅನುಮೋದನೆ ಎಂದರೆ ಆಫೀಸಿನ ಮಾತು ಎಂದುಕೊಂಡಿದ್ದೆ ನಾನು. ಅದರೊಳಗೆ ಮೋದವಿದೆ, ಇನ್ನೊಬ್ಬರ ಹಿಂದೆ ನಿಂತು ತಾವೂ ಹಿಗ್ಗುವುದು ಅದರ ಅರ್ಥ ಎಂದು ಅವತ್ತು ತಿಳಿಯಿತು. ಚಪ್ಪರದಲ್ಲಿದ್ದವರೆಲ್ಲ "ಸಾಧು" ಎಂದರು. ಅತ್ತೆಯ ದನಿ ಎಲ್ಲರಿಗಿಂತ ಸ್ಪಷ್ಟವಾಗಿತ್ತು, ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಮುಟ್ಟಿಸುವ ದನಿ. ಎರಡನೇ ಸಲವೂ ಹಾಗೇ ಹೇಳಿದಳು. ಮೂರನೇ ಸಲ ತುಟಿ ಮಾತ್ರ ಅಲ್ಲಾಡಿತು. ಆನಂದಮೂರ್ತಿ ಮೇಷ್ಟ್ರು ತಲೆ ಎತ್ತಿ ಜನರ ನಡುವೆ ಯಾರನ್ನೋ ಹುಡುಕಿದರು. ಅತ್ತೆ ಬಗ್ಗಿ ನನ್ನ ಲಂಗದ ಅಂಚು ಸರಿಮಾಡುತ್ತಿದ್ದಳು. ಅದು ಸರಿಯಾಗಿಯೇ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಜನ ಕಡಿಮೆ. ಕಡೂರು ಹತ್ತಿರ ಬಂದಾಗ ಅತ್ತೆ ಇದ್ದಕ್ಕಿದ್ದಂತೆ ಹೇಳಿದಳು:

"ನಾನು ಹೆದರುಪುಕ್ಕಲಿ ಅಂತ ತಿಳ್ಕಂಡಿರ್ತಾರೆ ಅವ್ರು. ಅಪ್ಪ ಬ್ಯಾಡ ಅಂದಿದ್ರೆ ಅವತ್ತೇ ಉಟ್ಟ ಸೀರೇಲಿ ಹೊರಟೋಗ್ತಿದ್ದೆ ಕಣೇ. ಬ್ಯಾಡ ಅನ್ಲೇ ಇಲ್ವಲ್ಲ. ಹೂಂ ಅಂದ್ಬಿಡ್ತಾನೇನೋ ಅಂತ್ಲೇ ಕೂತೆ."

ನಾನು ಹೈಸ್ಕೂಲು ಹುಡುಗಿ. ಮದುವೆ ಮನೆಯ ಎಲೆಯಡಿಕೆ ಚೀಲದಲ್ಲಿದ್ದ ಬಾಳೆಹಣ್ಣು ಸುಲಿದು ಅವಳಿಗೆ ಅರ್ಧ ಕೊಟ್ಟೆ. ಅವಳು ತಿಂದಳು.

ಅದಾದಮೇಲೆ ಬಂದ ಗಂಡುಗಳಿಗೆ ಅತ್ತೆ ತಾನೇ ಊಹೂಂ ಎಂದಳು. ಅದನ್ನು ಮಾತ್ರ ಬಹಳ ಸ್ಪಷ್ಟವಾಗಿ ಹೇಳುತ್ತಿದ್ದಳು. ಕೆಲಸದ ಅಪ್ರೂವಲ್ಲೂ ಬರಲಿಲ್ಲ. ಸ್ಕೂಲಿನ ಕೆಲವರಿಗೆ ಒಮ್ಮೆ ಬಂತು. ಅಷ್ಟು ಹೊತ್ತಿಗೆ ಅಜ್ಜಂಪುರದ ಮಕ್ಕಳನ್ನು ತರೀಕೆರೆಯ ಇಂಗ್ಲಿಷ್ ಮೀಡಿಯಂ ಸ್ಕೂಲಿನ ವ್ಯಾನುಗಳು ತುಂಬಿಕೊಂಡು ಹೋಗತೊಡಗಿದ್ದವು. ಮಕ್ಕಳು ಕಡಿಮೆ, ಹುದ್ದೆ ಹೆಚ್ಚುವರಿ ಎಂದರು. ಇಂಗ್ಲಿಷ್ ಕಲಿಸಿದವಳ ಹೊಟ್ಟೆಯ ಮೇಲೆ ಇಂಗ್ಲಿಷೇ ಹೊಡೆಯಿತು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಸೆಕ್ರೆಟರಿಯವರು, "ಅಪ್ರೂವಲ್ ಒಂದು ಸಿಗಲಿಲ್ಲ, ಬಾಕಿ ಎಲ್ಲರ ಪ್ರೀತಿ ಸಿಕ್ಕಿತು" ಎಂದು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಅತ್ತೆ ಕೂಡ ತಟ್ಟಿದಳು. ಅವಳು ಕೊನೆಯವರೆಗೂ ಕೂರುತ್ತಿದ್ದದ್ದು ಗೋಡೆಯ ಪಕ್ಕದ ಆ ಬೆಂಚಿನ ಮೇಲೇ.

ಅಜ್ಜ ಬಹಳ ಕಾಲ ಬದುಕಿದ. ಅಜ್ಜಿ ಹೋದಳು, ಅಪ್ಪ ಮಂಡಿ ಮುಚ್ಚಿದ, ಅಜ್ಜ ಇದ್ದ. ಕೊನೆಯ ಎರಡು ಮೂರು ವರ್ಷ ನಡುಮನೆಯಲ್ಲಿ ಮಂಚ ಹಾಕಿ ಮಲಗಿಸಿದ್ದರು. ಸ್ನಾನ, ವಿಭೂತಿ, ಲಿಂಗಪೂಜೆಗೆ ನೀರು, ಊಟ, ಎಲ್ಲ ಅತ್ತೆಯದೇ. ಅಜ್ಜ ಒಂದು ದಿನ ಎಲ್ಲರ ಗುರುತು ಹಿಡಿಯುತ್ತಿದ್ದ, ಇನ್ನೊಂದು ದಿನ ಸತ್ತವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ.

ನಾನು ದಸರಾ ರಜೆಗೆ ಶಿವನಿಗೆ ಹೋಗಿದ್ದೆ. ಮಧ್ಯಾಹ್ನ ಅತ್ತೆ ಮಂಚದ ಅಂಚಿನಲ್ಲಿ ಕೂತು ಅಜ್ಜನಿಗೆ ಗಂಜಿ ಕುಡಿಸುತ್ತಿದ್ದಳು. ನಾನು ಎದುರಿಗೆ ಕಡ್ಲೆಕಾಯಿ ಬಿಡಿಸುತ್ತಿದ್ದೆ. ಅಜ್ಜ ನಾಲ್ಕು ಗುಟುಕು ಕುಡಿದು, ಚಮಚ ದೂರ ಸರಿಸಿ, ಬಹಳ ಶುದ್ಧವಾಗಿ ಮಾತಾಡಿದ.

"ಆ ಮೇಷ್ಟ್ರು ಮತ್ತೆ ಬರ್ಲೇ ಇಲ್ವಲ್ಲ?"

"ಯಾವ ಮೇಷ್ಟ್ರಪ್ಪ?" ಎಂದಳು ಅತ್ತೆ.

"ಅದೇ, ತಾಯಿ ಕರ್ಕಂಡ್ ಬಂದಿದ್ನಲ್ಲ. ಕಾಯಿ ತಂದಿದ್ರು. ಒಳ್ಳೇ ಹುಡುಗ ಅವ್ನು. ನೋಡಾಣ ಅಂದಿದ್ದೆ. ಇನ್ನೊಂದ್ ಸಲ ಬಂದು ಕೇಳಿದ್ರೆ ಹೂಂ ಅಂತಿದ್ದೆ. ಯಾಕೋ ಬರ್ಲೇ ಇಲ್ಲ."

ಅದು ನಿಜದ ಮಾತೋ, ಮಂಪರಿನ ಮಾತೋ, ಅಥವಾ ಕೊನೆಗಾಲಕ್ಕೆ ತನ್ನನ್ನು ತಾನು ಒಳ್ಳೆಯವನನ್ನಾಗಿ ಮಾಡಿಕೊಳ್ಳುವ ಮಾತೋ, ದೇವರಿಗೇ ಗೊತ್ತು. ಚಮಚ ಹಿಡಿದ ಅತ್ತೆಯ ಕೈ ಗಾಳಿಯಲ್ಲಿ ನಿಂತಿತ್ತು. ಆಮೇಲೆ ಅದು ಮೆಲ್ಲಗೆ ಮುಂದಕ್ಕೆ ಹೋಯಿತು.

"ಬಾಯಿ ತೆಗಿ ಅಪ್ಪ. ಗಂಜಿ ತಣ್ಣಗಾಗ್ತದೆ."

ಅಜ್ಜ ಬಾಯಿ ತೆರೆದ. ಅವಳು ಬಟ್ಟಲಿನ ತಳ ಕಾಣುವ ತನಕ ಕುಡಿಸಿದಳು. ಒದ್ದೆ ಬಟ್ಟೆಯಲ್ಲಿ ಗಲ್ಲ ಒರೆಸಿದಳು. ತಲೆದಿಂಬು ಸರಿಮಾಡಿದಳು. ಬಟ್ಟಲು ಎತ್ತಿಕೊಂಡು ಹಿತ್ತಲಿಗೆ ಹೋದಳು.

ನಾನು ಸ್ವಲ್ಪ ಹೊತ್ತು ಬಿಟ್ಟು ಹಿಂದೆಯೇ ಹೋದೆ. ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಒಂದೇ ಬಟ್ಟಲನ್ನು ತಿಕ್ಕುತ್ತಿದ್ದಳು.

"ಅತ್ತೆ..." ಎಂದೆ.

ಅವಳು ತಿರುಗಿ ನೋಡಲಿಲ್ಲ.

"ಕೇಳಿಸ್ಕಂಡ್ಯಾ? ಮೇಷ್ಟ್ರು ಬಂದು ಕೇಳಿದ್ರೆ ಹೂಂ ಅಂತಿದ್ನಂತೆ" ಎಂದಳು. ದನಿಯಲ್ಲಿ ಅಳುವಿರಲಿಲ್ಲ, ಆಶ್ಚರ್ಯ ಮಾತ್ರ ಇತ್ತು. "ಅವ್ರು ಯಾಕೆ ಬರ್ಬೇಕಿತ್ತೇ? ದಿನಾ ಇವನ ಕಣ್ಣೆದುರಿಗೇ ಓಡಾಡ್ತಿದ್ದೆನಲ್ಲ, ನಾನು. ನನ್ನ ಕರೆದು ಹೇಳ್ಬೋದಿತ್ತು."

ನೀರು ಸುರಿಯುತ್ತಲೇ ಇತ್ತು. ಒಳಗಿನಿಂದ ಅಜ್ಜ, "ಸರೋಜಾ" ಎಂದು ಕೂಗಿದ. ಅವಳು ನಲ್ಲಿ ನಿಲ್ಲಿಸಿ, ಬಟ್ಟಲು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಬಂದೆ ಅಪ್ಪ" ಎಂದು ಒಳಗೆ ಹೋದಳು.